ಕೂಗು ಎಷ್ಟು, ಬುಟ್ಟಿ ಎಷ್ಟು

ಮೀನಿನ ಸಗಟು ಮಾರುಕಟ್ಟೆಯಲ್ಲಿ ಅವಳ ನಿಜವಾದ ಹೆಸರು ಕೇಳಿದವರು ಯಾರೂ ಇರಲಿಲ್ಲ. ಎಲ್ಲರ ಬಾಯಲ್ಲೂ ಅವಳು ಗಂಟಲಕ್ಕ. ಬೆಳಗಿನ ಐದೂವರೆಗೆ ತಗಡಿನ ಮಾಡಿನ ಕೆಳಗೆ, ಮೊಣಕಾಲುದ್ದದ ರಬ್ಬರ್ ಬೂಟು ಹಾಕಿಕೊಂಡು, ಮಂಜುಗಡ್ಡೆಯ ಪೆಟ್ಟಿಗೆಯೊಂದರ ಮೇಲೆ ಹತ್ತಿ ನಿಂತು ಅವಳು "ಹದಿನೆಂಟು, ಹದಿನೆಂಟೂವರೆ, ಯಾರದು ಹತ್ತೊಂಬತ್ತು" ಎಂದು ಶುರುವಿಟ್ಟುಕೊಂಡರೆ, ಆಚೆ ಬೀದಿಯಲ್ಲಿ ಬಸ್ಸಿಗೆ ಕಾಯುತ್ತಿದ್ದವರಿಗೂ ಆ ದಿನದ ರೇಟು ತಿಳಿದುಹೋಗುತ್ತಿತ್ತು.

ಹರಾಜು ಕೂಗುವುದು ಮೊದಲು ಅವಳ ಅಪ್ಪನ ಕೆಲಸ. ಅವಳು ತೂಕದ ಚೀಟಿ ಬರೆಯುತ್ತಿದ್ದಳು. ಅವಳಿಗೆ ಇಪ್ಪತ್ತೆರಡು ವರ್ಷವಿದ್ದಾಗ ಒಂದು ದಿನ ಅಪ್ಪನಿಗೆ ಜ್ವರ ಬಂತು. ದೋಣಿಗಳು ಬಂದು ನಿಂತಿದ್ದವು, ಮಂಜುಗಡ್ಡೆ ಕರಗುತ್ತಿತ್ತು, ಕೂಗುವವರಿಲ್ಲ. ಅವಳೇ ಪೆಟ್ಟಿಗೆ ಹತ್ತಿದಳು. ಕೆಳಗಿದ್ದವನೊಬ್ಬ, "ಹೆಂಗಸಿನ ಕೂಗಿಗೆ ಮೀನು ಏಳ್ತಾವಾ?" ಎಂದು ಕುಹಕವಾಡಿದ. "ಮೀನು ಏಳೋದು ಬೇಡ, ನಿಮ್ಮ ಜೇಬಿಂದ ಕಾಸು ಎದ್ರೆ ಸಾಕು," ಎಂದಳು. ಇಡೀ ಮಾರುಕಟ್ಟೆ ನಕ್ಕಿತು. ಹತ್ತಿದವಳು ಮೂವತ್ತೊಂದು ವರ್ಷ ಇಳಿಯಲಿಲ್ಲ. ಮದುವೆಯ ಮಾತು ಎರಡು ಸಲ ಬಂದು ಎರಡು ಸಲವೂ ಹಿಂದಕ್ಕೆ ಹೋಯಿತು. "ನಸುಕಿಗೆ ಎದ್ದು ಓಡೋಳನ್ನ ಯಾರು ಕಟ್ಕೋತಾರೆ" ಎಂದು ಅವಳೇ ತಮಾಷೆ ಮಾಡುತ್ತಿದ್ದಳು. ಆ ತಮಾಷೆಯ ಅಡಿಯಲ್ಲಿ ಎಷ್ಟು ಬೇಸರವಿತ್ತೋ ಯಾರಿಗೂ ತಿಳಿಯಲಿಲ್ಲ.

ಅಪ್ಪ ಅವಳಿಗೆ ಕಲಿಸಿದ್ದು ಒಂದೇ ಪಾಠ. "ಕಿವಿ ಕೂಗಿನ ಮೇಲಿರಲಿ, ಕಣ್ಣು ಬುಟ್ಟಿ ಮೇಲಿರಲಿ ಮಗಾ. ಸವಾಲು ಹಾಕೋರು ಹತ್ತು ಜನ ಇರ್ತಾರೆ. ಬುಟ್ಟಿ ಹೊತ್ಕೊಂಡು ಗೇಟು ದಾಟೋನೇ ಗಿರಾಕಿ." ಗದ್ದಲ ಬೇರೆ, ವ್ಯಾಪಾರ ಬೇರೆ ಎಂಬುದು ಅವಳಿಗೆ ಹೀಗೆ ಮೈಗೆ ಹತ್ತಿತ್ತು. ಯಾವ ಕೂಗು ಹೊಟ್ಟೆಯಿಂದ ಬಂದದ್ದು, ಯಾವುದು ಬರೀ ಬಾಯಿಂದ ಬಂದದ್ದು ಎಂದು ಅವಳು ಕಣ್ಣು ಮುಚ್ಚಿ ಹೇಳಬಲ್ಲವಳಾಗಿದ್ದಳು.

ಐವತ್ಮೂರನೆಯ ವಯಸ್ಸಿನಲ್ಲಿ ದನಿ ಒಡೆಯಿತು. ನೆಗಡಿ ಅಂದುಕೊಂಡಳು, ಮೂರು ತಿಂಗಳಾದರೂ ಹೋಗಲಿಲ್ಲ. ಗಂಟಲಿನಲ್ಲಿ ಗಂಟು ಬೆಳೆದಿತ್ತು. ಆಪರೇಷನ್ ಆಯಿತು. ಜೀವ ಉಳಿಯಿತು, ಕೂಗು ಹೋಯಿತು. ಉಳಿದದ್ದು ಒಣ ಎಲೆ ಉಜ್ಜಿದಂಥ ಒಂದು ಪಿಸುಮಾತು. ಮಾರುಕಟ್ಟೆಯವರು ಬಂದು ಹಣ್ಣು ಕೊಟ್ಟು, ಕಣ್ಣು ತಪ್ಪಿಸಿ ಹೋದರು. ಗಂಟಲಕ್ಕ ಎಂಬ ಹೆಸರು ಮಾತ್ರ ಉಳಿಯಿತು. ಅದನ್ನು ಕರೆಯುವಾಗ ಜನ ಈಗ ಸ್ವಲ್ಪ ತಡವರಿಸುತ್ತಿದ್ದರು.

ಅವಳಿಗೊಬ್ಬ ತಮ್ಮನಿದ್ದ. ಕಾರು ಓಡಿಸುವುದನ್ನು ಕಲಿಸುವ ಶಾಲೆ ಅವನದು. ಶಾಲೆ ಎಂದರೆ ಒಂದು ಕೋಣೆ, ಒಂದು ಹಳೆಯ ಕಾರು. ಕೋಣೆಯ ಗೋಡೆಯ ಮೇಲೆ ರಸ್ತೆ ಸಂಕೇತಗಳ ಪಟ, ಮೂರು ಪ್ಲಾಸ್ಟಿಕ್ ಕುರ್ಚಿ, ತಿರುಗುವಾಗ ಕಟಕಟ ಎನ್ನುವ ಫ್ಯಾನು. ಕಾರಿನಲ್ಲಿ ಕಲಿಸುವವನ ಕಾಲ ಬಳಿಯೂ ಒಂದು ಬ್ರೇಕು. "ನನ್ನ ಸಂಸಾರ ನಡೀತಿರೋದೇ ಈ ಎರಡನೇ ಬ್ರೇಕಿನ ಮೇಲೆ," ಎಂದು ಅವನು ಹೇಳುತ್ತಿದ್ದ. ಅವನ ಹೆಂಡತಿ ಔಷಧಿ ಅಂಗಡಿಯಲ್ಲಿ ಲೆಕ್ಕ ನೋಡಿಕೊಳ್ಳುತ್ತಿದ್ದಳು. ಮಾತು ಕಡಿಮೆ, ಕಣ್ಣು ಚುರುಕು. ಅಕ್ಕನನ್ನು ಮನೆಗೆ ಕರೆತಂದದ್ದು ಅವಳೇ. "ಅತ್ತಿಗೆ, ನಮ್ಮನೇಲಿ ಮಾತಾಡೋಕೆ ನಿಮ್ಮ ತಮ್ಮ ಒಬ್ರೇ ಸಾಕು. ನೀವು ಸುಮ್ನೆ ಇದ್ರೆ ನನಗೂ ಜೊತೆಯಾಗತ್ತೆ," ಎಂದಿದ್ದಳು.

ಗಂಟಲಕ್ಕ ಶಾಲೆಯ ಕೋಣೆಯಲ್ಲಿ ಕುಳಿತು ಕಲಿಯಲು ಬಂದವರ ಹೆಸರು, ಸಮಯ ಬರೆದಿಡತೊಡಗಿದಳು. ಫೋನು ಬಂದರೆ ಎತ್ತುವಂತಿಲ್ಲ. ಎತ್ತಿದರೂ ಆ ಕಡೆಯವರು "ಹಲೋ, ಹಲೋ" ಎಂದು ಕಿರುಚಿ ಇಟ್ಟುಬಿಡುತ್ತಿದ್ದರು.

ಆ ಕೋಣೆಗೆ ಒಂದು ದಿನ ಟೈ ಸಾಹೇಬ ಬಂದ. ಮೂವತ್ತೈದರ ಆಸುಪಾಸಿನವನು. ಹಿಂದೆ ಇದೇ ಶಾಲೆಯಲ್ಲಿ ಕಲಿತು, ಪರೀಕ್ಷೆಯಲ್ಲಿ ಮೂರು ಸಲ ಫೇಲಾಗಿ, ನಾಲ್ಕನೆಯ ಸಲ ಪಾಸಾದವನು. ಸುಡುಬಿಸಿಲಿನಲ್ಲೂ ಟೈ ಕಟ್ಟುತ್ತಿದ್ದುದರಿಂದ ಆ ಹೆಸರು. ಅವನು ಒಂದು ಹೊಸ ಕ್ರಿಪ್ಟೋ ನಾಣ್ಯದ ಪ್ರಚಾರಕ್ಕೆ ಇಳಿದಿದ್ದ. ಚಾಲಕರಿಗಾಗಿಯೇ ಮಾಡಿದ ನಾಣ್ಯವಂತೆ. ಪಾರ್ಕಿಂಗ್, ಟೋಲು, ರಿಪೇರಿ ಎಲ್ಲದಕ್ಕೂ ಮುಂದೆ ಅದೇ ನಡೆಯುತ್ತದಂತೆ. ಅದರ ಹೆಸರು ಉದ್ದುದ್ದ, ಬಾಯಲ್ಲಿ ಹೊರಳುವಂಥದ್ದಲ್ಲ. ಪರದೆಯ ಮೇಲೆ ಅದರ ಗುರುತು ದುಂಡಗೆ ಬೆಳ್ಳಗೆ, ಮಧ್ಯೆ ಒಂದು ಗೆರೆಯೊಂದಿಗೆ ಇತ್ತು. ಅಕ್ಕ ದಿನಕ್ಕೆರಡು ನುಂಗುವ ಗುಳಿಗೆಯೂ ಹಾಗೇ ಇತ್ತು. ಅವಳು ಅದನ್ನು ಗುಳಿಗೆ ಎಂದಳು. ಮನೆಯಲ್ಲಿ ಅದೇ ನಿಂತಿತು.

"ರೇಟು ಬಿಡಿ ಮೇಷ್ಟ್ರೇ, ವಾಲ್ಯೂಮ್ ನೋಡಿ," ಎಂದ ಟೈ ಸಾಹೇಬ.

ವಾಲ್ಯೂಮ್ ಎಂದರೆ ಅಕ್ಕನಿಗೆ ಗೊತ್ತಿದ್ದದ್ದು ರೇಡಿಯೊದ ಕಿವಿ ತಿರುಚುವುದು. ಅವಳು ಹುಬ್ಬೇರಿಸಿದಳು.

"ಅದಲ್ಲಕ್ಕ," ಎಂದು ಅವನು ನಕ್ಕ. "ಒಂದು ದಿನದಲ್ಲಿ ಎಷ್ಟು ಕೊಂಡ್ರು, ಎಷ್ಟು ಮಾರಿದ್ರು ಅನ್ನೋ ಲೆಕ್ಕ. ನಮ್ಮದು ದಿನಕ್ಕೆ ನಾಲ್ಕು ಕೋಟಿ! ಜನ ಇಲ್ದೆ ನಾಲ್ಕು ಕೋಟಿ ಆಗತ್ತಾ? ಮನುಷ್ಯಂಗೆ ನಾಡಿ ಹೇಗೋ, ನಾಣ್ಯಕ್ಕೆ ವಾಲ್ಯೂಮ್ ಹಾಗೆ."

ಮಾತು ತಪ್ಪಲ್ಲ ಎಂದು ಅಕ್ಕನಿಗೂ ಅನ್ನಿಸಿತು. ಯಾರೂ ಬಾರದ ಮಾರುಕಟ್ಟೆಯಲ್ಲಿ ರೇಟಿಗೆ ಏನು ಬೆಲೆ? ಕೊಳ್ಳುವವರಿದ್ದರೆ ತಾನೇ ಮಾರಬೇಕೆಂದಾಗ ಮಾರಬಹುದು.

ತಮ್ಮನ ತಲೆಯಲ್ಲಿ ನಾಲ್ಕು ಕೋಟಿ ಕುಣಿಯತೊಡಗಿತು. ಎರಡನೆಯ ಕಾರಿಗೆಂದು ಆರು ವರ್ಷ ಕೂಡಿಟ್ಟಿದ್ದ ಐದು ಲಕ್ಷವನ್ನು ಹೆಂಡತಿಗೆ ಅರ್ಧ ಹೇಳಿ, ಅರ್ಧ ಹೇಳದೆ ಗುಳಿಗೆಗೆ ಸುರಿದ. ಅಷ್ಟಕ್ಕೇ ನಿಲ್ಲಲಿಲ್ಲ. ಅವನು ಚಾಲಕರ ಸಂಘದ ಕಾರ್ಯದರ್ಶಿ. ಇಪ್ಪತ್ಮೂರು ಜನರ ಸಂಘ. ಯಾರಿಗಾದರೂ ಕಾಯಿಲೆಯಾದರೆ ಕೊಡಲೆಂದು ಎಲ್ಲರೂ ತಿಂಗಳು ತಿಂಗಳು ಹಾಕಿಟ್ಟ ಒಂದು ನಿಧಿಯಿತ್ತು. ಅದನ್ನೂ ಗುಳಿಗೆಗೆ ಹಾಕೋಣ, ಭಾನುವಾರ ಸಭೆ ಕರೆದಿದ್ದೇನೆ ಎಂದ. ಅದಕ್ಕೆ ಇನ್ನು ಎರಡು ವಾರವಿತ್ತು.

ಅಕ್ಕ ಪರದೆ ನೋಡತೊಡಗಿದ್ದು ಸಂಶಯದಿಂದಲ್ಲ, ಹೊತ್ತು ಹೋಗದೆ. ತಮ್ಮ ಹಳೆಯ ಫೋನೊಂದನ್ನು ಅವಳ ಮೇಜಿನ ಮೇಲಿಟ್ಟು, "ರೇಟು ಬಿದ್ರೆ ಬರೆದಿಡಕ್ಕ," ಎಂದು ಹೋಗಿದ್ದ. ಎಡಗಡೆ ಕೊಳ್ಳುವವರ ಸಾಲು, ಯಾರು ಯಾವ ರೇಟಿಗೆ ಎಷ್ಟು ಬೇಕೆಂದು ಕಾದಿದ್ದಾರೆ ಎಂಬುದು. ಬಲಗಡೆ ಮಾರುವವರ ಸಾಲು. ನಡುವೆ ಆದ ವ್ಯಾಪಾರಗಳು ಹಸಿರು ಕೆಂಪಾಗಿ ಒಂದರ ಮೇಲೊಂದು ಉರುಳುತ್ತಿದ್ದವು. ನೋಡುತ್ತ ನೋಡುತ್ತ ಅವಳು ಕುರ್ಚಿಯನ್ನು ಮೇಜಿಗೆ ಎಳೆದುಕೊಂಡಳು. ಇದು ಹರಾಜು! ಸದ್ದಿಲ್ಲದ ಹರಾಜು. ಇಲ್ಲಿ ಯಾರಿಗೂ ಗಂಟಲು ಬೇಕಿಲ್ಲ. ಆಪರೇಷನ್ ಆದ ಮೇಲೆ ಅವಳು ಅಷ್ಟು ಖುಷಿಪಟ್ಟದ್ದು ಅದೇ ಮೊದಲು. ಬೇರೆ ಬೇರೆ ನಾಣ್ಯಗಳ ಪುಟಗಳನ್ನು ತೆರೆಯುವುದನ್ನು ತಮ್ಮನ ಹೆಂಡತಿಯಿಂದ ಕಲಿತಳು. ದೊಡ್ಡ ಹಳೆಯ ನಾಣ್ಯಗಳದ್ದನ್ನು ಗಂಟೆಗಟ್ಟಲೆ ನೋಡಿದಳು. ಅಲ್ಲಿ ವ್ಯಾಪಾರ ಒಮ್ಮೆ ಮುಗಿಬಿದ್ದು ಬರುತ್ತಿತ್ತು, ಒಮ್ಮೆ ಸೊರಗುತ್ತಿತ್ತು. ಒಬ್ಬ ಹಿಡಿಯಷ್ಟು ಕೊಂಡರೆ ಇನ್ನೊಬ್ಬ ಲಾರಿಗಟ್ಟಲೆ ಕೊಳ್ಳುತ್ತಿದ್ದ. ಸುದ್ದಿ ಬಂದರೆ ರೇಟು ಹಾರುತ್ತಿತ್ತು, ಜೊತೆಗೆ ಜನ ನುಗ್ಗುತ್ತಿದ್ದರು.

ಮೂರನೆಯ ದಿನ ಗುಳಿಗೆಯ ಪುಟಕ್ಕೆ ಮರಳಿದಾಗ ಅವಳಿಗೆ ಏನೋ ಇರುಸುಮುರುಸು. ಅನ್ನದಲ್ಲಿ ಕಲ್ಲು ಹಲ್ಲಿಗೆ ಸಿಕ್ಕಂತೆ. ನೋಟ್‌ಪುಸ್ತಕ ತೆಗೆದು ಬರೆಯತೊಡಗಿದಳು. ಆರಾರು ಸೆಕೆಂಡಿಗೆ ಒಂದು ವ್ಯಾಪಾರ. ಒಂದು ಹಸಿರು, ಒಂದು ಕೆಂಪು, ಹೆಚ್ಚುಕಡಿಮೆ ಒಂದೇ ಅಳತೆ. ಬೆಳಿಗ್ಗೆಯೂ ಹಾಗೇ, ಜನ ಊಟಕ್ಕೆ ಹೋಗುವ ಹೊತ್ತಿಗೂ ಹಾಗೇ, ಭಾನುವಾರವೂ ಹಾಗೇ. ನಡುವೆ ಒಂದು ದಿನ ಕೆಟ್ಟ ಸುದ್ದಿಯೂ ಬಂತು. ಗುಳಿಗೆಯನ್ನು ತೆಗೆದುಕೊಳ್ಳುತ್ತೇವೆಂದಿದ್ದ ಒಂದು ದೊಡ್ಡ ಪಾರ್ಕಿಂಗ್ ಕಂಪನಿ ಕೈಬಿಟ್ಟಿತ್ತು. ಅಂದು ಕೂಡ ರೇಟು ಮಿಸುಕಲಿಲ್ಲ, ವಾಲ್ಯೂಮ್ ಮಿಸುಕಲಿಲ್ಲ. ಸಾವಿನ ಸುದ್ದಿಗೂ ಅಳದ ಮನೆ, ಮದುವೆಯ ಸುದ್ದಿಗೂ ನಗದ ಮನೆ. ಅಂಥ ಮನೆಯಲ್ಲಿ ಜನ ಇದ್ದಾರೆಂದು ಹೇಗೆ ನಂಬುವುದು?

ಅವಳು ತಮ್ಮನ ಹೆಂಡತಿಯ ತೋಳು ಹಿಡಿದು ಪಿಸುಗುಟ್ಟಿದಳು. "ಬುಟ್ಟಿ ಗೇಟು ದಾಟ್ತಿದೆಯಾ ಅಂತ ನೋಡೋಕೆ ಆಗತ್ತಾ?"

ತಮ್ಮನ ಹೆಂಡತಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಆಮೇಲೆ ಅವಳು ಔಷಧಿ ಅಂಗಡಿಯ ಬಿಡುವಿನಲ್ಲಿ ಹುಡುಕಿದಳು. ನಾಣ್ಯ ಒಬ್ಬರ ಖಾತೆಯಿಂದ ಇನ್ನೊಬ್ಬರ ಖಾತೆಗೆ ಹೋದರೆ ಅದು ಒಂದು ತೆರೆದ ದಾಖಲೆಯಲ್ಲಿ ಬೀಳುತ್ತದೆ, ಯಾರು ಬೇಕಾದರೂ ನೋಡಬಹುದು ಎಂದು ಗೊತ್ತಾಯಿತು.

"ಅತ್ತಿಗೆ, ದಿನಕ್ಕೆ ಮೂವತ್ತೇಳು," ಎಂದಳು ಸಂಜೆ ಬಂದು, ಚಪ್ಪಲಿ ಕೂಡ ಬಿಡದೆ. "ನಿನ್ನೆ ಮೂವತ್ತೇಳು, ಮೊನ್ನೆ ನಲವತ್ತೊಂದು. ನಾಲ್ಕು ಕೋಟಿ ವ್ಯಾಪಾರ ಆಗೋ ನಾಣ್ಯ ಕೈ ಬದಲಾಯಿಸೋದು ಅಷ್ಟೇ ಸಲ. ಎಲ್ಲಾ ವ್ಯಾಪಾರ ಅಲ್ಲಿ ಬೀಳಲ್ಲವಂತೆ, ಸರಿ. ಆದ್ರೂ ಇಷ್ಟು ಕಮ್ಮಿನಾ?"

ಅಕ್ಕ ತಲೆಯ ಮೇಲೆ ಕೈಯಿಟ್ಟುಕೊಂಡು ಕೂತಳು.

ತಮ್ಮನಿಗೆ ಹೇಳಿದಾಗ ಅವನು ಕೈ ಒದರಿಬಿಟ್ಟ. "ಅಕ್ಕಾ, ಇದು ಮೀನಲ್ಲ ಕಣೆ!"

"ಮೀನಲ್ಲ ಅಂತ ಗೊತ್ತು," ಎಂದು ಪಿಸುಗುಟ್ಟಿದಳು. "ಮೀನಾಗಿದ್ರೆ ಇಷ್ಟೊತ್ತಿಗೆ ನಾತ ಬಂದಿರೋದು."

ಅವನು ಸಿಡುಕಿದ. ಊಟ ಬಿಟ್ಟ. ನಿನಗೆ ಕೆಲಸವಿಲ್ಲ, ಅದಕ್ಕೆ ಎಲ್ಲದರಲ್ಲೂ ಹುಳುಕು ಎಂಬ ಅರ್ಥ ಬರುವ ಒಂದು ಮಾತನ್ನೂ ಆಡಿದ. ಆಡಿದ ಮೇಲೆ ಅವನ ಮುಖವೇ ಸಣ್ಣಗಾಯಿತು. ಅಕ್ಕ ಎದ್ದು ಹೋಗಿ ಪಾತ್ರೆ ತೊಳೆದಳು. ಮರುದಿನ ಬೆಳಿಗ್ಗೆ ಅವನಿಗೆ ಒಂದು ಚೀಟಿ ಕೊಟ್ಟಳು: "ನಿನ್ನದರಲ್ಲಿ ಹತ್ತರಲ್ಲಿ ಒಂದು ಪಾಲು ಮಾರಿ ನೋಡು. ನಾಲ್ಕು ಕೋಟಿಯ ಕೆರೆ ಅದು. ನೀನು ಎತ್ತೋದು ಒಂದು ಚೊಂಬು ನೀರು. ಕೆರೆಗೆ ಗೊತ್ತೂ ಆಗಬಾರದು."

ಅಕ್ಕನಿಂದ ಸೋಲು ಒಪ್ಪಿಸಲೆಂದೇ ಅವನು ಫೋನು ತೆಗೆದ. ಮೂವರೂ ಶಾಲೆಯ ಕೋಣೆಯಲ್ಲಿ ಮೇಜಿನ ಸುತ್ತ ನಿಂತರು. ಐವತ್ತು ಸಾವಿರದ ಗುಳಿಗೆ, ಸಿಕ್ಕ ರೇಟಿಗೆ ಮಾರು ಎಂದು ಒತ್ತಿದ. ಎಡಗಡೆಯ ಕೊಳ್ಳುವವರ ಸಾಲು ಒಂದೊಂದಾಗಿ ಅಳಿಸಿಹೋಯಿತು. ಹನ್ನೆರಡು ರೂಪಾಯಿಯಿದ್ದ ರೇಟು ಹನ್ನೊಂದು, ಹತ್ತು, ಒಂಬತ್ತೂವರೆ. ಅಲ್ಲಿಗೆ ನಿಂತಿತು. ಅರ್ಧ ಮಾತ್ರ ಮಾರಾಟವಾಗಿತ್ತು. ಉಳಿದದ್ದಕ್ಕೆ ಕೊಳ್ಳುವವರೇ ಇರಲಿಲ್ಲ. ನಾಲ್ಕು ಕೋಟಿಯ ಕೆರೆ ಒಂದು ಚೊಂಬಿಗೇ ತಳ ಕಂಡಿತು. ಒಂದು ನಿಮಿಷದೊಳಗೆ ಆರು ಸೆಕೆಂಡಿನ ಹಸಿರು ಕೆಂಪು ಏನೂ ಆಗಿಲ್ಲವೆಂಬಂತೆ ಮತ್ತೆ ಶುರುವಾಯಿತು.

ತಮ್ಮ ಬಾಯಿ ತೆರೆಯುವ ಮೊದಲೇ ಅವನ ಫೋನು ಹೊಡೆದುಕೊಂಡಿತು. ಟೈ ಸಾಹೇಬ.

"ಮೇಷ್ಟ್ರೇ, ಯಾಕೆ ಮಾರಿದ್ರಿ? ನಮ್ಮ ಕಡೆಯೋರು ಕೇಳ್ತಿದ್ದಾರೆ. ಸಭೆ ಇಟ್ಕೊಂಡು ಹೀಗೆ ಮಾಡಬಾರದು."

ತಮ್ಮ ಫೋನನ್ನು ಕಿವಿಯಿಂದ ತೆಗೆದು ಅದನ್ನೇ ನೋಡಿದ. ಮತ್ತೆ ಕಿವಿಗಿಟ್ಟ. "ಸಾವಿರಾರು ಜನ ಮಾರ್ತಿದ್ದಾರೆ ಅಂದಿದ್ದೆಯಲ್ಲೋ. ಅದರಲ್ಲಿ ಮಾರಿದ್ದು ನಾನು ಅಂತ ನಿಮ್ಮೋರಿಗೆ ಹೇಗೆ ಗೊತ್ತಾಯ್ತು?"

ಆ ಕಡೆ ಟೈ ಸಾಹೇಬ ಕೆಮ್ಮಿದ.

"ಹೇಳೋ."

"ಅದು... ಈ ವಾರ ಮಾರಿದ್ದು ನೀವೊಬ್ರೇ ಮೇಷ್ಟ್ರೇ."

ತಮ್ಮ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕುಸಿದ. ಅಂದು ಬಂದ ಇಬ್ಬರು ವಿದ್ಯಾರ್ಥಿಗಳನ್ನು ತಮ್ಮನ ಹೆಂಡತಿಯೇ ನಾಳೆ ಬನ್ನಿ ಎಂದು ಕಳಿಸಿದಳು.  ಗಂಡನಿಗೆ ನೀರು ತಂದುಕೊಟ್ಟು, "ಅರ್ಧ ಹೇಳಿದ್ರಲ್ಲ, ಇನ್ನರ್ಧ ಈಗ ಹೇಳಿ," ಎಂದಳು ಅಷ್ಟೆ. ಅವನು ಹೇಳಿದ.

ಸಭೆಯನ್ನು ಸದ್ದಿಲ್ಲದೆ ರದ್ದು ಮಾಡಿಬಿಡೋಣ ಎಂಬುದು ಅವನ ಯೋಚನೆ. "ನಾನು ಮೋಸ ಹೋದೆ ಅಂತ ಇಪ್ಪತ್ಮೂರು ಜನರ ಮುಂದೆ ಹೇಳ್ಕೋಬೇಕಾ? ಗಾಡಿ ಓಡಿಸೋದು ಕಲಿಸೋನೇ ಗುಂಡಿಗೆ ಬಿದ್ದ ಅಂತ ನಗ್ತಾರೆ."

ಆಗ ಅಕ್ಕ ಯಾರಿಗೂ ಹೇಳದ ಒಂದು ಕಥೆ ಹೇಳಿದಳು. ಪಿಸುಮಾತಿನಲ್ಲಿ, ನಡುನಡುವೆ ನೀರು ಕುಡಿಯುತ್ತ. ಅವಳು ಕೂಗಲು ಶುರುಮಾಡಿದ ಮೂರನೆಯ ವರ್ಷ. ಒಬ್ಬ ದೊಡ್ಡ ವ್ಯಾಪಾರಿ ತನ್ನ ಮೀನಿಗೆ ತನ್ನದೇ ಇಬ್ಬರು ಆಳುಗಳನ್ನು ಬಿಟ್ಟು ಸವಾಲು ಹಾಕಿಸುತ್ತಿದ್ದ. ಅವನ ಬುಟ್ಟಿ ಹಿಂದಿನ ಬಾಗಿಲಿಂದ ಹೋಗಿ ಮತ್ತೆ ಮುಂದಿನ ಬಾಗಿಲಿಗೆ ಬರುತ್ತಿತ್ತು. ಅವಳಿಗೆ ಗೊತ್ತಿತ್ತು. ಹೊಸಬಳು, ಕೆಲಸ ಹೋದೀತೆಂಬ ಭಯ, ಕೂಗಿದಳು. ಆ ಗದ್ದಲ ನೋಡಿ, ಇಷ್ಟು ಜನ ಬಿದ್ದುಕೊಂಡು ಕೊಳ್ಳುತ್ತಿದ್ದಾರಲ್ಲ ಎಂದು, ಗಂಡನನ್ನು ಕಳೆದುಕೊಂಡು ಹೊಸದಾಗಿ ಅಂಗಡಿಯಿಟ್ಟ ಒಬ್ಬ ಹೆಂಗಸು ದುಬಾರಿಗೆ ಎಂಟು ಬುಟ್ಟಿ ಕೊಂಡಳು. ಮಧ್ಯಾಹ್ನದವರೆಗೆ ಒಂದು ಬುಟ್ಟಿಯೂ ಖಾಲಿಯಾಗಲಿಲ್ಲ. ಮರುವಾರ ಅವಳ ಅಂಗಡಿಯಲ್ಲಿ ಬೇರೆಯವರಿದ್ದರು.

"ಅವಳು ನನ್ನ ಬಯ್ಯಲಿಲ್ಲ ಕಣೋ. 'ನೀನು ಕೂಗಿದ್ದು ಕೇಳಿ ನಂಬ್ದೆ' ಅಂದ್ಳು ಅಷ್ಟೆ. ನನ್ನ ಗಂಟಲಿಗೆ ಗಂಟು ಬಂದಾಗ ಮೊದ್ಲು ನೆನಪಾಗಿದ್ದು ಅವಳೇ. ಡಾಕ್ಟ್ರು ಹಾಗೆಲ್ಲ ಇಲ್ಲ ಅಂತಾರೆ. ಇರಲಿ. ನೀನು ಸುಮ್ನಿದ್ರೆ ಟೈ ಸಾಹೇಬ ಇನ್ನೊಂದು ಸಭೆ ಕರೀತಾನೆ. ನಿನ್ನ ಹೆಸರು ಹೇಳಿ ಕರೀತಾನೆ."

ಭಾನುವಾರ ಸಭೆ ನಡೆಯಿತು. ಗ್ಯಾರೇಜಿನ ಹಿಂದಿನ ಉದ್ದನೆಯ ಕೋಣೆ. ಟಯರುಗಳ ಮೇಲೆ, ಬೆಂಚುಗಳ ಮೇಲೆ ಇಪ್ಪತ್ಮೂರು ಜನ. ಟೈ ಸಾಹೇಬನೂ ಬಂದಿದ್ದ, ಬಣ್ಣದ ಪಟಗಳ ಕಟ್ಟು ಹಿಡಿದು. ತಮ್ಮ ಎದ್ದು ನಿಂತ. "ನಾನು ಐದು ಲಕ್ಷ ಹಾಕಿದೀನಿ" ಎನ್ನುವಷ್ಟರಲ್ಲಿ ಅವನ ಮಾತು ಕಟ್ಟಿತು. ಅಕ್ಕ ಎದ್ದು ಪಕ್ಕಕ್ಕೆ ಬಂದಳು. ಅವಳು ನೋಟ್‌ಪುಸ್ತಕ ತೆರೆದು ಪಿಸುಗುಟ್ಟಿದಳು. ತಮ್ಮ ಅದನ್ನು ಗಟ್ಟಿಯಾಗಿ ಹೇಳಿದ. ಹೀಗೆ ಒಂದೊಂದೇ ಸಾಲು. ಆರು ಸೆಕೆಂಡಿನ ಲೆಕ್ಕ, ಭಾನುವಾರದ ಲೆಕ್ಕ, ಮೂವತ್ತೇಳರ ಲೆಕ್ಕ, ಚೊಂಬಿನ ಲೆಕ್ಕ. ನಾಣ್ಯದವರೇ ಒಂದು ಯಂತ್ರ ಬಿಟ್ಟು ತಮ್ಮದನ್ನು ತಾವೇ ಕೊಂಡು ಮಾರುತ್ತಿದ್ದಾರೆ ಎಂದ. ಹತ್ತು ನಿಮಿಷವಾಗುವ ಹೊತ್ತಿಗೆ ಅವನ ದನಿಯಲ್ಲಿ ನಡುಕ ಹೋಗಿತ್ತು. ಯಾರೋ ಹಿಂದಿನಿಂದ, "ಮೇಷ್ಟ್ರು ಇವತ್ತು ಎರಡನೇ ಬ್ರೇಕು ಒತ್ತಿದ್ರಪ್ಪಾ" ಎಂದರು. ನಗು ಎದ್ದಿತು. ಅದು ಚುಚ್ಚುವ ನಗುವಾಗಿರಲಿಲ್ಲ.

ಟೈ ಸಾಹೇಬ ಎದ್ದ. ಅವನ ಮುಖ ಬೆವೆತಿತ್ತು. "ಎಲ್ಲಾ ಹೊಸ ನಾಣ್ಯದೋರೂ ಹೀಗೇ ಮಾಡ್ತಾರೆ. ಮೊದ್ಲು ಸ್ವಲ್ಪ ಸದ್ದು ಮಾಡಿದ್ರೆ ತಾನೇ ಜನ ಬರೋದು? ಜನ ಬಂದ್ಮೇಲೆ ನಿಜವಾದ ವ್ಯಾಪಾರ ಶುರುವಾಗತ್ತೆ."

ಅಕ್ಕ ಅವನ ಹತ್ತಿರಕ್ಕೇ ಹೋದಳು. "ನಿನ್ನದು ಎಷ್ಟಿದೆಯಪ್ಪಾ ಅದರಲ್ಲಿ?"

ಅವನು ಪಟದ ಕಟ್ಟನ್ನು ಈ ಕೈಯಿಂದ ಆ ಕೈಗೆ ಬದಲಾಯಿಸಿದ. "ಎಲ್ಲಾ ಅದರಲ್ಲೇ ಅಕ್ಕ. ಸಂಬಳಾನೂ ಅದರಲ್ಲೇ ಕೊಡ್ತಾರೆ."

"ಮಾರೋಕೆ ಬಿಡ್ತಾರಾ?"

ಅವನು ಪಟದ ಕಟ್ಟನ್ನು ಕೆಳಗಿಟ್ಟ. ಅವಳು ಅವನ ಬೆನ್ನ ಮೇಲೆ ಕೈಯಿಟ್ಟು ಟಯರಿನ ಮೇಲೆ ಕೂರಿಸಿದಳು. ಅವನನ್ನು ಬಯ್ಯಲು ಎದ್ದಿದ್ದ ಇಬ್ಬರು ಸುಮ್ಮನೆ ಕೂತರು.

ನಿಧಿಯನ್ನು ಮುಟ್ಟಬಾರದೆಂದು ಹದಿನೈದು ಜನ, ಹಾಕೋಣವೆಂದು ಎಂಟು ಜನ. ಎಂಟರಲ್ಲಿ ಮೂವರು ಸಭೆ ಮುಗಿದ ಮೇಲೂ ತಮ್ಮ ತಮ್ಮ ದುಡ್ಡು ಹಾಕಿದರು. ಹೇಳಿದ್ದನ್ನು ಎಲ್ಲರೂ ಕೇಳುವುದಾಗಿದ್ದರೆ ಲೋಕ ಎಂದೋ ಉದ್ಧಾರವಾಗುತ್ತಿತ್ತು.

ತಮ್ಮನ ಗುಳಿಗೆಯನ್ನು ಅಕ್ಕ ಮಾರಿಸಿದ ರೀತಿಯೇ ಬೇರೆ. ಒಂದೇ ಸಲ ಸುರಿದರೆ ರೇಟು ನೆಲಕಚ್ಚುತ್ತದೆ. ದಿನಾ ಬೆಳಿಗ್ಗೆ ಪರದೆ ಮುಂದೆ ಕೂತು, ಇದ್ದ ಕೆಲವೇ ಜನರಲ್ಲಿ ಯಾರಾದರೂ ನಿಜವಾಗಿ ಕೊಳ್ಳಲು ನಿಂತಿದ್ದಾರೋ ನೋಡಿ, ನಿಂತಿದ್ದರೆ ಅಷ್ಟೇ ಅಷ್ಟು ಮಾರಿಸುತ್ತಿದ್ದಳು. ಒಂದು ದಿನ ಆ ಕೊಳ್ಳುವವರೂ ನಮ್ಮಂಥವರೇ ಅಲ್ಲವೇ ಎಂದು ತಮ್ಮನ ಹೆಂಡತಿ ಕೇಳಿದಳು. ಅಕ್ಕ ಫೋನನ್ನು ಬೋರಲಾಗಿ ಇಟ್ಟಳು. ಅವತ್ತಿಗೆ ಮಾರುವುದನ್ನು ನಿಲ್ಲಿಸಿದಳು. ತಾನು ಕಂಡದ್ದನ್ನೆಲ್ಲ ತಮ್ಮನ ಹೆಂಡತಿಯ ಕೈಯಲ್ಲಿ ಟೈಪು ಮಾಡಿಸಿ, ಗುಳಿಗೆ ಕೊಳ್ಳುವವರು ಮಾತಾಡುವ ಗುಂಪಿನಲ್ಲಿ ಹಾಕಿಸಿದಳು. ಅರ್ಧ ಗಂಟೆಯಲ್ಲಿ ಗುಂಪು ನಡೆಸುವವರು ಅದನ್ನು ಅಳಿಸಿ, ಇವರನ್ನು ಗುಂಪಿನಿಂದ ಹೊರಹಾಕಿದರು. ಅಷ್ಟರೊಳಗೆ ಹನ್ನೊಂದು ಜನ ಓದಿದ್ದರು. ಒಟ್ಟು ಐದು ಲಕ್ಷದಲ್ಲಿ ಎರಡರ ಹತ್ತಿರ ಕೈಗೆ ಬಂತು.

ಎರಡು ತಿಂಗಳ ಮೇಲೆ ಒಂದು ಮಂಗಳವಾರ ಬೆಳಿಗ್ಗೆ ಆರು ಸೆಕೆಂಡಿನ ಹಸಿರು ಕೆಂಪು ನಿಂತುಹೋಯಿತು. ಸುಳ್ಳು ಸವಾಲಿನ ಯಂತ್ರಕ್ಕೆ ಕೊಡುವ ದುಡ್ಡು ಮುಗಿದಿರಬೇಕು. ನಾಲ್ಕು ಕೋಟಿ ಇದ್ದ ವಾಲ್ಯೂಮ್ ಅಂದು ಸಂಜೆಗೆ ಹದಿನೆಂಟು ಸಾವಿರ. ರೇಟು ಒಂದೂವರೆ. ದುಡ್ಡು ಹಾಕಿದ್ದ ಮೂವರು ಚಾಲಕರು ಒಂದು ವಾರ ಶಾಲೆಯ ಕಡೆ ತಲೆ ಹಾಕಲಿಲ್ಲ. ತಮ್ಮನೇ ಹೋಗಿ ಅವರನ್ನು ಕರೆತಂದು ಚಹಾ ಕುಡಿಸಿದ.

ಟೈ ಸಾಹೇಬ ಬಂದದ್ದು ಇನ್ನೂ ಒಂದು ತಿಂಗಳು ಕಳೆದು, ಟೈ ಇಲ್ಲದೆ. ಟ್ಯಾಕ್ಸಿ ಓಡಿಸಲು ಕೈ ಪಳಗಿಸಿಕೊಳ್ಳಬೇಕಿತ್ತು. ಮೊದಲ ತಿಂಗಳ ಫೀಸಿಗೆ ಗತಿಯಿಲ್ಲವೆಂದು ಬಾಗಿಲಲ್ಲೇ ನಿಂತಿದ್ದ. ತಮ್ಮ ಅಕ್ಕನ ಮುಖ ನೋಡಿದ. ಅಕ್ಕ ಪುಸ್ತಕ ತೆರೆದು ಅವನ ಹೆಸರು ಬರೆದು, ಬೆಳಗಿನ ಏಳು ಗಂಟೆ ಎಂದು ತೋರಿಸಿದಳು.

"ಅಕ್ಕಾ," ಎಂದ ಅವನು ಮರುದಿನ ಏಳಕ್ಕೆ ಮೊದಲೇ ಬಂದು, ತಗ್ಗಿದ ದನಿಯಲ್ಲಿ, "ಇನ್ನೂ ಒಂದಷ್ಟು ಜನ ಅದನ್ನ ಕೊಡೋದು-ತಗೊಳ್ಳೋದು ಮಾಡ್ತಿದ್ದಾರೆ ಗೊತ್ತಾ? ಎಲ್ಲೋ ಒಂದು ಊರಿನ ಪಾರ್ಕಿಂಗಲ್ಲಿ ತಗೋತಾರಂತೆ."

ಅವಳಿಗೆ ಗೊತ್ತಿತ್ತು. ಅವಳು ಈಗಲೂ ದಿನಾ ನೋಡುತ್ತಿದ್ದಳು. ಫೋನು ತೆಗೆದು ಅವನ ಮುಂದಿಟ್ಟಳು. ನಿನ್ನೆ ಸಂಜೆಯಿಂದ ಒಂಬತ್ತು ವ್ಯಾಪಾರ. ಒಂದು ಸಣ್ಣದು, ಒಂದು ದೊಡ್ಡದು, ನಡುವೆ ಒಂದು ಗಂಟೆ ಏನೂ ಇಲ್ಲ, ಆಮೇಲೆ ಎರಡು ಒಟ್ಟಿಗೆ.

"ನೋಡು," ಎಂದು ಪಿಸುಗುಟ್ಟಿದಳು, "ಬಡಕಲಾಗಿದೆ. ಬದುಕತ್ತೋ ಇಲ್ವೋ ಗೊತ್ತಿಲ್ಲ. ಆದ್ರೆ ಈಗ ಉಸಿರಾಡ್ತಿರೋದು ಅದೇ, ಯಂತ್ರ ಅಲ್ಲ."

ಅವನು ಬೆರಳಿಟ್ಟು ಒಂಬತ್ತನ್ನೂ ಎಣಿಸಿದ. ತಮ್ಮ ಹೊರಗೆ ಕಾರಿನ ಹಾರ್ನು ಒತ್ತುತ್ತಿದ್ದ. ಏಳು ಗಂಟೆಯಾಗಿತ್ತು, ಬಾ ಎಂದು.